ವೈನಿ ಹುಡುಕಿದ ಕರಿ ಕುದುರೆ

ಮೊನ್ನೆ ಮೊಬೈಲ್ ರಿಪೇರಿಗೆಂದು ಕೊಪ್ಪಳದ ಅಂಗಡಿಗೆ ಹೋಗಿದ್ದೆ. ಅಲ್ಲಿ ಯಾರದೋ ಹಳೆಯ ಕಂಪ್ಯೂಟರ್ ಬಿಚ್ಚುತ್ತಿದ್ದರು. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಗಿಣಿಗೇರಾದ ನನ್ನ ಬಾಡಿಗೆ ಕೋಣೆ, ಓಣಿಯವರಂತೆ ನಾನೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಪಕ್ಕದ ಮನೆಯಾಕೆ ನೆನಪಾದರು...

ನಾನಾಗ ಅಲ್ಲಿ ಟೀಚರ್. ತಮ್ಮ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಕೋಟೆ, ಕಾಡು, ರಾಕ್ಷಸರಿದ್ದ ಒಂದು ಆಟವಿತ್ತು. ಒಂದು ರಜೆಯ ದಿನ ವೈನಿಗೆ ಸುಮ್ಮನೆ ತೋರಿಸಿದೆ. ಅವರು ರಾಕ್ಷಸರ ಕಡೆ ನೋಡಲೂ ಇಲ್ಲ. ಕಣ್ಣೆಲ್ಲ ಕುದುರೆಗಳ ಮೇಲೆ. ಬಿಳಿಯದು, ಕಂದು, ಹಣೆಯಲ್ಲಿ ಚುಕ್ಕೆಯಿದ್ದ ಕರಿಯದು. ಸವಾರ ಇಳಿದು ಗುಹೆಗೆ ಹೋದರೆ ಕುದುರೆ ಹೊರಗೇ ಉಳಿಯುತ್ತಿತ್ತು. ಎಲ್ಲಿ ಬಿಟ್ಟೆವೆಂದು ಆಟ ಹೇಳುತ್ತಿರಲಿಲ್ಲ, ನಾವೇ ನೆನಪಿಡಬೇಕು. ಅಂದಿನಿಂದ ಇಬ್ಬರೂ ಕೂಡಿ ಆಡತೊಡಗಿದೆವು. ರೊಟ್ಟಿ ಬಡಿಯುತ್ತಿದ್ದ ವೈನಿ ಹಿಟ್ಟಿನ ಕೈಯಲ್ಲೇ ನನ್ನ ಬಾಗಿಲಿಗೆ ಬರುತ್ತಿದ್ದರು.

"ಟೀಚರ್ರ, ಬಿಳೀದನ್ನ ಹೊಳಿ ದಂಡ್ಯಾಗ ಬಿಟ್ಟೀವಿ, ಹೌದಿಲ್ಲೋ?"

ಅವರ ಗಂಡ ಅದಿರಿನ ಲಾರಿ ಓಡಿಸುತ್ತಿದ್ದರು. ಮನೆ ಬಿಟ್ಟರೆ ಎಲ್ಲಿದ್ದಾರೆಂದು ಗೊತ್ತಾಗುವುದೇ ಕಷ್ಟ. ಒಮ್ಮೆ ಬರಬೇಕಾದ ದಿನ ಬರಲಿಲ್ಲ, ಫೋನೂ ಹತ್ತಲಿಲ್ಲ. ವೈನಿ ಓಣಿಯ ತುದಿಗೆ ಹೋಗುವರು, ಬರುವರು, ಮತ್ತೆ ಹೋಗುವರು. ಕೊನೆಗೆ ನನ್ನ ಕೋಣೆಗೆ ಬಂದು ಮೌಸ್ ಹಿಡಿದರು. ಕರಿ ಕುದುರೆಯನ್ನು ಎಲ್ಲಿ ಬಿಟ್ಟಿದ್ದೆವೋ ಇಬ್ಬರಿಗೂ ನೆನಪಿರಲಿಲ್ಲ, ಅದು ಎಲ್ಲೂ ಕಾಣಲಿಲ್ಲ.

"ಹೊಸಾದು ಸಿಗ್ತೈತ್ರಿ, ಬಿಡ್ರಿ," ಎಂದೆ.

"ಸಿಗ್ಲಿ. ಆದ್ರ ಅದು ಎಲ್ಯೋ ದಾರಿ ಕಾಯ್ಕೋತ ನಿಂತಿರ್ತೈತಲ್ರಿ..."

ಸಂಜೆಗೆ ಅವರ ಮೈದುನ ಓಡಿಬಂದ. "ವೈನಿ, ಗಾಡಿ ಪಲ್ಟಿ ಆಗೇತಿ. ಅಣ್ಣ ಅದಾನ... ಬಳ್ಳಾರಿ ದವಾಖಾನ್ಯಾಗ ಅದಾನ."

ವೈನಿ ಚಪ್ಪಲಿಯನ್ನೂ ಮೆಟ್ಟದೆ ಅವನ ಹಿಂದೆ ಹೊರಟರು.

ಆಮೇಲೆ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಶಾಲೆಯಿಂದ ಬಂದವಳೇ ಆ ಕುದುರೆಯನ್ನು ಹುಡುಕುತ್ತಿದ್ದೆ. ಕೊನೆಗೊಂದು ದಿನ ಸಿಕ್ಕಿತು, ಒಂದು ಗುಡ್ಡದ ಹಿಂದೆ, ಹುಲ್ಲಿನಲ್ಲಿ, ಜೀನು ಸಮೇತ ನಿಂತಿತ್ತು.

ಗಂಡ ಉಳಿದರು, ಒಂದು ಕಾಲು ಉಳಿಯಲಿಲ್ಲ. ಇನ್ನು ತವರೂರು ತಳಕಲ್ಲಿನಲ್ಲೇ ಇರುವುದೆಂದು ವೈನಿ ಸಾಮಾನು ಒಯ್ಯಲು ಬಂದರು. ಮುಖ ಇಳಿದುಹೋಗಿತ್ತು. ಪಾತ್ರೆಗಳನ್ನು ಜೋಡಿಸಿಕೊಡುತ್ತ ಅಂದೆ, "ಕರೀದು ಸಿಕ್ತ್ರಿ ವೈನಿ."

ಎತ್ತಿದ ಪಾತ್ರೆ ಕೆಳಗಿಟ್ಟರು. "ಖರೇನ? ಕರ್ಕೊಂಡ್ ಬಂದ್ರಿಲ್ಲೋ?"

"ಬಂದೀನ್ರಿ. ಲಾಯದಾಗ ಐತಿ."

ನನ್ನ ಹೆಗಲಿಗೆ ಹಣೆ ಹಚ್ಚಿ ಅತ್ತರು. ದವಾಖಾನೆಯಲ್ಲಿ ಒಮ್ಮೆಯೂ ಅತ್ತಿರಲಿಲ್ಲವಂತೆ.

ತಳಕಲ್ಲಿಗೆ ಹೋಗಿ, ಹಿಟ್ಟಿನ ಗಿರಣಿ ಹಾಕಿ, ಗಂಡನನ್ನು ಹಣದ ಗಲ್ಲೆಯ ಮುಂದೆ ಕೂರಿಸಿ ಸಂಸಾರ ಎತ್ತಿ ನಿಲ್ಲಿಸಿದರು. ಬರ್ರಿ, ಬರ್ರಿ ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದರು. ನಾನು ಹೋಗಬೇಕೆನ್ನುವಷ್ಟರಲ್ಲಿ ಜ್ವರ ನೆಪವಾಗಿ ವೈನಿ ತೀರಿಯೇಹೋದರು...

ಈಗಲೂ ಬಸ್ಸು ತಳಕಲ್ ದಾಟುವಾಗ ಸುಮ್ಮನೆ ಕೂರಲಾಗುವುದಿಲ್ಲ. ಎದ್ದು ನಿಲ್ಲುತ್ತೇನೆ. "ಇಳೀತೀರೇನ್ರಿ?" ಎಂದು ಕಂಡಕ್ಟರ್ ಕೇಳುತ್ತಾನೆ. ಇಲ್ಲವೆಂದು ತಲೆಯಾಡಿಸಿ ಮತ್ತೆ ಕೂರುತ್ತೇನೆ.