ಎತ್ತರ ಮಾಡಿಸಿದ ಗಾಡಿ ಎಡಕ್ಕೆ ಎಳೆದದ್ದು

ನಮ್ಮ ಮನೆಯವರಿಗೆ ಗಾಡಿ ಎತ್ತರ ಮಾಡಿಸುವ ಹುಚ್ಚು ಹತ್ತಿದ್ದು ಹೊಸಪೇಟೆಯಲ್ಲಿ. ಗಣಿಯ ದುಡ್ಡು ಆ ಕಡೆ ಹರಿದಾಡುತ್ತಿದ್ದ ಕಾಲ. ಯಾರದೋ ಮದುವೆಗೆ ಹೋದವರು ಕಲ್ಯಾಣ ಮಂಟಪದ ಮುಂದೆ ನಿಂತ ಜೀಪುಗಳನ್ನು ನೋಡಿಕೊಂಡು ಬಂದರು. ಮದುಮಗಳು ಹೇಗಿದ್ದಳು ಅಂತ ಕೇಳಿದರೆ ನೆನಪಿಲ್ಲ. ಜೀಪಿನ ಕೆಳಗೆ ಎಮ್ಮೆ ಕರು ನುಸುಳಿ ಹೋಗಬಹುದು ಅನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು.

ಕೊಟ್ಟೂರಿನಲ್ಲಿ ನಮ್ಮದು ಹಿಂಡಿ, ಹತ್ತಿಕಾಳಿನ ಅಂಗಡಿ. ದನ ಕಟ್ಟಿದವರಿಗೆ ಹಳ್ಳಿಗಳಿಗೆ ಚೀಲ ಮುಟ್ಟಿಸಲು ಒಂದು ಪಿಕಪ್ ಗಾಡಿ ಇಟ್ಟಿದ್ದೆವು. ಗಾಡಿ ತಗ್ಗಿದ್ದಷ್ಟೂ ಹಮಾಲರಿಗೆ ಚೀಲ ಏರಿಸುವುದು ಹಗುರ. ಅದನ್ನೇ ಹೇಳಿದೆ.

"ನಿನಗೇನು ತಿಳಿತೈತಿ? ಗಾಡಿ ಅಂದ್ರ ನಾಕು ಮಂದಿ ತಲಿ ಎತ್ತಿ ನೋಡಬೇಕು" ಅಂದರು.

ಅವರನ್ನು ಮಾತ್ರ ನಾಲ್ಕು ಮಂದಿ ತಲೆ ತಗ್ಗಿಸಿಯೇ ನೋಡುತ್ತಿದ್ದರು. ಅದು ದೇವರು ಕೊಟ್ಟ ಎತ್ತರ, ಅದಕ್ಕೆ ನಗುವವಳು ನಾನಲ್ಲ. ದೇವರು ಕೊಡದೆ ಉಳಿಸಿಕೊಂಡದ್ದನ್ನು ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನವನು ಕೊಡುತ್ತಾನೆ ಅಂತ ನಂಬಿದ್ದರಲ್ಲ, ನಗು ಬರುತ್ತಿದ್ದದ್ದು ಅದಕ್ಕೆ.

ಆ ಗ್ಯಾರೇಜಿನವನು ಮುಂದಿನ ಅಚ್ಚಿಗೂ ಕಮಾನು ಪಟ್ಟಿಗೂ ನಡುವೆ ಕಬ್ಬಿಣದ ತುಂಡು ಕೂರಿಸಿ, ಮೇಲೆ ಇನ್ನೊಂದೊಂದು ಪಟ್ಟಿ ಸೇರಿಸಿ ಬಿಗಿದು ಕಳಿಸಿದ. ಗಾಡಿ ಮನೆಯ ಮುಂದೆ ಬಂದು ನಿಂತಾಗ ಮೂಗು ಮೇಲಕ್ಕೆತ್ತಿ ಯಾರ ಮೇಲೋ ಮುನಿಸಿಕೊಂಡ ಹಾಗಿತ್ತು. ನಮ್ಮ ಮನೆಯವರು ಕೆಳಗಿಳಿಯಲು ಬಾಗಿಲು ಹಿಡಿದು, ಕಾಲು ಇಳಿಬಿಟ್ಟು, ನೆಲ ಎಲ್ಲಿದೆ ಅಂತ ಕಾಲ್ಬೆರಳಿನಿಂದ ತಡಕಿದರು. ಆಮೇಲೆ ಜಿಗಿದರು. ಜಿಗಿದು, ಪಂಚೆ ಸರಿಮಾಡಿಕೊಂಡು, ಓಣಿಯ ಕಡೆ ನೋಡಿದರು. ಓಣಿಯವರು ಹೊಗಳಿದರು ಬಿಡಿ. ನಮ್ಮ ಓಣಿಯ ಜನ ಏನನ್ನಾದರೂ ಹೊಗಳುತ್ತಾರೆ, ಒಂದು ಲೋಟ ಚಹಾ ಸಿಕ್ಕರೆ ಸಾಕು.

ಆವತ್ತಿನಿಂದ ಗಾಡಿ ಎಡಕ್ಕೆ ಎಳೆಯತೊಡಗಿತು. ನೇರ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ಸೊಟ್ಟ ಹಿಡಿದುಕೊಂಡೇ ಇರಬೇಕು. ಸ್ವಲ್ಪ ಜೋರು ಬಿಟ್ಟರೆ ಮುಂದಿನ ಗಾಲಿಗಳು ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದವು. ಹೊಸ ಟೈರಿನ ಒಂದು ಮಗ್ಗುಲು ಹೆರೆದಿಟ್ಟ ಕೊಬ್ಬರಿಯಂತಾಯಿತು. ಮೊದಲು ರಸ್ತೆ ಸರಿಯಿಲ್ಲ ಅಂದರು. ಆಮೇಲೆ ಟೈರಿನ ಕಂಪನಿಯನ್ನು ಬೈದರು. ಕೊನೆಗೊಂದು ದಿನ ಕೂಡ್ಲಿಗಿಯಿಂದ ಬರುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದರು:

"ನೀ ಯಾವಾಗಲೂ ಎಡಕ್ಕ ಕುಂದರ್ತಿ. ಅದಕ್ಕ ಎಳಿತೈತಿ."

"ನಾ ಇಲ್ಲದಾಗ?"

"ನೀ ಕುಂತು ಕುಂತು ಆ ಕಡಿ ಪಟ್ಟಿ ಇಳದೈತಿ."

ಬೆನ್ನ ಹಿಂದೆ ಗಾಡಿ ತುಂಬ ಹಿಂಡಿ ಚೀಲ ಹೇರುವ ಮನುಷ್ಯನೇ ಹೇಳಿದ ಮಾತು ಇದು. ಕೆಲವು ಮಾತಿಗೆ ಉತ್ತರ ಕೊಟ್ಟರೆ ಅದನ್ನು ಮಾತು ಅಂತ ಒಪ್ಪಿಕೊಂಡಂತಾಗುತ್ತದೆ.

ಹರಪನಹಳ್ಳಿಯಲ್ಲಿದ್ದ ನಾದಿನಿಗೆ ಎರಡನೆಯ ಹೆರಿಗೆ ಆಯಿತು. ನಮ್ಮ ಅತ್ತೆ ಬಾಣಂತಿಗೆಂದು ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಸಿಕೊಂಡು, ಮಗಳನ್ನು ನೋಡಲು ಹೊರಟರು. ಮೂವರೂ ಗಾಡಿಯಲ್ಲೇ ಹೋದೆವು. ಅತ್ತೆ ಕಡ್ಡಿಯಂಥ ಮುದುಕಿಯಾದ್ದರಿಂದ ಅವರನ್ನು ಎಡಗಡೆ ಕಿಟಕಿಗೆ ಕೂರಿಸಿ, ತೂಕದವಳಾದ ನನ್ನನ್ನು ನಮ್ಮ ಮನೆಯವರು ನಡುವೆ ಕೂರಿಸಿದರು. ಗೇರು ಬದಲಿಸಿದಾಗಲೆಲ್ಲ ನನ್ನ ಮೊಣಕಾಲಿಗೆ ಏಟು.

ಊರು ಬಿಟ್ಟು ಬಹಳ ದೂರ ಹೋಗಿರಲಿಲ್ಲ. ಎದುರಿನಿಂದ ಬಸ್ಸು ಬಂತು. ದಾರಿ ಬಿಡಲೆಂದು ಸ್ವಲ್ಪ ಎಡಕ್ಕೆ ತಿರುಗಿಸಿದರು. ಆ ಸ್ವಲ್ಪಕ್ಕೇ ಕಾದಿದ್ದ ಹಾಗೆ ಗಾಡಿ ಪೂರ್ತಿ ಎಡಕ್ಕೆ ಹೋಯಿತು, ಮತ್ತೆ ತಿರುಗಿ ಬರಲಿಲ್ಲ. ಬಸ್ಸು ದಾಟಿ ಹೋಗಿತ್ತು, ನಾವು ಇನ್ನೂ ಎಡಕ್ಕೇ ಹೋಗುತ್ತಿದ್ದೆವು. ರಸ್ತೆಯ ಅಂಚು ಇಳಿದು, ಸಜ್ಜೆ ಕೊಯ್ದ ಹೊಲಕ್ಕೆ ನುಗ್ಗಿ, ಮೇಯುತ್ತಿದ್ದ ಕುರಿಗಳ ನಡುವೆ ಹಾದು, ಜಾಲಿಯ ಕಂಟಿಗೆ ಮೂತಿ ಇಟ್ಟು ನಿಂತಿತು. ಬಾಗಿಲು ತೆರೆದುಕೊಂಡು ಡಬ್ಬಿ ಹೊರಗೆ ಉರುಳಿತು. ಅತ್ತೆ ಅದರ ಹಿಂದೆ ಉರುಳದಂತೆ ನಾನು ಸೆರಗು ಹಿಡಿದೆ.

ಕುರಿ ಕಾಯುವ ಹಿರಿಯನೊಬ್ಬ ಓಡಿ ಬಂದ. ಒಂದು ಕುರಿ ಕುಂಟುತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಗಾಡಿಯ ಮೇಲಿನಿಂದಲೇ ಶುರು ಮಾಡಿದರು:

"ಏ, ಕುರಿ ರಸ್ತಿಗೆ ಯಾಕ ಬಿಟ್ಟೀಯೋ?"

ಅವನು ಕೋಲು ಎತ್ತಿ ತೋರಿಸಿದ. "ನನ್ನ ಕುರಿ ಹೊಲದಾಗ ಅದಾವ. ನಿನ್ನ ಗಾಡೀನೂ ಹೊಲದಾಗ ಐತಿ. ರಸ್ತಿ ಅಲ್ಲೈತಿ ನೋಡು."

ನಮ್ಮ ಮನೆಯವರು ನಿಜಕ್ಕೂ ತಿರುಗಿ ರಸ್ತೆಯನ್ನು ನೋಡಿದರು.

ಅತ್ತೆ ಇಳಿದು ಹೋಗಿ ಆ ಕುರಿಯ ಕಾಲು ಹಿಡಿದು ನೋಡಿದರು. ಮುರಿದಿಲ್ಲ, ಉಳುಕಿದೆ ಅಂದರು. ಕುರಿಯವನ ಕೈಗೆ ಒಂದು ಅಂಟಿನುಂಡಿ ಇಟ್ಟು, "ತಪ್ಪಾತಪ್ಪ, ನನ್ನ ಮಗನದು" ಅಂದರು. ಅವನ ಸಿಟ್ಟು ಇಳಿಯಿತು. ಮಗನಿಗೆ ಏರಿತು. ಹೊಲದಲ್ಲಿದ್ದ ಮಂದಿ ಸೇರಿ ಗಾಡಿಯನ್ನು ರಸ್ತೆಗೆ ನೂಕಿದರು. ಅಷ್ಟೂ ಹೊತ್ತು ಇವರು ಒಳಗೆ ಕೂತು "ಹಂಗ ಅಲ್ಲ, ಹಿಂಗ" ಅಂತ ಅಪ್ಪಣೆ ಕೊಡಿಸುತ್ತಿದ್ದರು.

ಅತ್ತೆ ಮತ್ತೆ ಗಾಡಿ ಹತ್ತಲಿಲ್ಲ. ಹಿಂದೆ ಬಂದ ಬಸ್ಸಿಗೆ ಕೈ ಮಾಡಿದರು. ಹತ್ತುವಾಗ ನನಗೆ ಹೇಳಿದರು: "ನೀ ಅವನ ಜೊತಿ ಹೋಗವ್ವ. ನೆಟ್ಟಗ ಮಾಡಸೋತನ ಬಿಡಬ್ಯಾಡ."

ಹರಪನಹಳ್ಳಿಯವರೆಗೂ ಎತ್ತಿನ ಬಂಡಿಯ ಹಾಗೆ ಹೋದೆವು. ಗಾಲಿ ಅಲೈನ್‌ಮೆಂಟ್ ಮಾಡುವ ಗ್ಯಾರೇಜು ಊರ ಹೊರಗಿತ್ತು. ಅದರ ಮಾಲೀಕ ಬಾಯಿ ತುಂಬ ಗುಟ್ಕಾ ಇಟ್ಟುಕೊಂಡು, ಆಕಾಶಕ್ಕೆ ಮುಖ ಮಾಡಿ ಮಾತಾಡುವವನು. ಗಾಡಿಯ ಕೆಳಗೆ ಬಗ್ಗಿ ನೋಡಿ ಕೇಳಿದ: "ಯಾರ್ರೀ ಇದನ್ನ ಎತ್ತರಿಸಿದ್ದು?"

"ಕೊಂಡಾಗಿಂದ ಹಿಂಗೇ ಐತಿ" ಅಂದರು ನಮ್ಮ ಮನೆಯವರು.

"ಸುಳ್ಳು. ಹಗರಿಬೊಮ್ಮನಹಳ್ಳಿಯಾಗ ಮಾಡಿಸ್ಯಾರ" ಅಂದೆ ನಾನು.

ಮಾಲೀಕ ನನ್ನ ಕಡೆ ನೋಡಲಿಲ್ಲ. ಹೆಂಗಸಿನ ಮಾತಿಗೂ ಗಂಡಸಿಗೇ ಉತ್ತರ ಕೊಡುವ ಜಾತಿ. ಹಗರಿಬೊಮ್ಮನಹಳ್ಳಿಯಲ್ಲಿ ಸ್ಪ್ಯಾನರ್ ಹಿಡಿದವರನ್ನೆಲ್ಲ ಬೈದು ಮುಗಿಸಿ, ಗಾಲಿಗಳ ಉದ್ದಕ್ಕೂ ದಾರ ಕಟ್ಟಿ ಅಳೆದ. ಎರಡೂ ಗಾಲಿಗಳ ಮುಖ ಒಳಕ್ಕೆ ತಿರುಗಿವೆ ಅಂದ. ಗಾಲಿಗಳನ್ನು ಜೋಡಿಸುವ ನಡುವಿನ ಸರಳನ್ನು ತಿರುಗಿಸಿ ಬಿಗಿದು, "ಮುಗೀತು, ಬಾಣ ಹೋದಂಗ ಹೋಗತ್ತೆ ಈಗ" ಅಂದ.

ಪರೀಕ್ಷೆಗೆ ಮೂವರೂ ಹೊರಟೆವು. ಇವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರು. "ಆಹಾ, ಮಸ್ತ್ ಐತಿ" ಅಂದರು. "ಹೇಳಲಿಲ್ವಾ?" ಅಂದ ಅವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಗಂಡಸರಿಗೆ ಎಷ್ಟು ಬೇಗ ಎಲ್ಲವೂ ಸರಿಹೋಗಿಬಿಡುತ್ತದೆ!

"ಕೈ ಬಿಡ್ರಿ" ಅಂದೆ.

"ಹ್ಞಾಂ?"

"ಸ್ಟೇರಿಂಗ್ ಬಿಡ್ರಿ. ನೆಟ್ಟಗಾಗಿದ್ರ ತಾನಾಗೇ ಹೋಗ್ತೈತೆಲ್ಲ?"

ಬಿಡಲಿಲ್ಲ. ಬೆರಳುಗಳು ಬೆಳ್ಳಗಾಗಿದ್ದವು. ನಾನು ಮತ್ತೆ ಹೇಳಿದೆ. ಹೆದರಿಕೆ ಅಂತ ಮೂರನೆಯವನ ಮುಂದೆ ಕಾಣಬಾರದಲ್ಲ, ಒಂದು ಕ್ಷಣ ಬಿಟ್ಟರು. ಗಾಡಿ ನೆಟ್ಟಗೆ ಎಡಗಡೆಯ ಬೇವಿನ ಮರಕ್ಕೆ ಹೊರಟಿತು. ಮಾಲೀಕ ನನ್ನ ಮೇಲಿಂದ ಹಾರಿ ಸ್ಟೇರಿಂಗ್ ಹಿಡಿದ. ಗುಟ್ಕಾ ಪೂರ್ತಿ ನುಂಗಿದ.

ಕೆಮ್ಮು ನಿಂತ ಮೇಲೆ ಅವನಿಗೂ ಬುದ್ಧಿ ಬಂತು. ವಾಪಸ್ ಹೋಗಿ ಗಾಡಿ ಎತ್ತಿ ಕಬ್ಬಿಣದ ತುಂಡುಗಳನ್ನು ಬಿಚ್ಚಿದ. ಎಡಗಡೆಯದು ಒಂದು ಅಳತೆ, ಬಲಗಡೆಯದು ಇನ್ನೊಂದು. ಎರಡೂ ಯಾವುದೋ ಗುಜರಿಯಿಂದ ಕಡಿದು ತಂದವು. ಅಚ್ಚು ಮುಂದಕ್ಕೆ ವಾಲಿತ್ತು, ಎಡಕ್ಕೆ ಇನ್ನೂ ಹೆಚ್ಚು. ಅದಕ್ಕೇ ತಿರುಗಿದ ಗಾಲಿ ತಾನಾಗಿ ನೆಟ್ಟಗಾಗುತ್ತಿರಲಿಲ್ಲ.

"ಇವನ್ನೆಲ್ಲ ತೆಗೆದು ಮೊದಲಿನಂಗೆ ಇಳಿಸಿಬಿಡ್ರಿ ಯಜಮಾನ್ರೆ, ಅದೇ ಚಲೋದು" ಅಂದ.

"ಇಳಸಂಗಿಲ್ಲ" ಅಂದರು ಇವರು. ತಾಯಿ ಬಸ್ಸಿನಲ್ಲಿ ಹೋಗಿದ್ದರು, ಕುರಿ ಕುಂಟಿತ್ತು, ಈಗಷ್ಟೇ ಬೇವಿನ ಮರ ತಪ್ಪಿತ್ತು. ಎತ್ತರ ಮಾತ್ರ ಹೋಗಬಾರದು.

ಹಾಗಾಗಿ ಸಮ ಅಳತೆಯ ತುಂಡು ಹಾಕಿ, ಅಚ್ಚು ಹಿಂದಕ್ಕೆ ಒರಗುವಂತೆ ಬೆಣೆ ಕೂರಿಸಿ, ದಾರ ಕಟ್ಟಿ ಮತ್ತೆ ಅಳೆದ. ಸಂಜೆಯಾಯಿತು. ಈ ಸಲ ಕೈ ಬಿಟ್ಟಾಗ ಗಾಡಿ ತನ್ನಷ್ಟಕ್ಕೆ ನೇರ ಹೋಯಿತು. ಆಗ ಇವರಿಗೆ ಎಲ್ಲಿಲ್ಲದ ಧೈರ್ಯ. ನಾದಿನಿಯ ಮನೆ ಮುಟ್ಟುವವರೆಗೂ ಮತ್ತೆ ಮತ್ತೆ ಕೈ ಬಿಟ್ಟು ತೋರಿಸಿದರು.

ಅಲ್ಲಿ ಬೀಗರ ಮನೆಯವರೆಲ್ಲ ಸೇರಿದ್ದರು. ಊಟಕ್ಕೆ ಕೂತಾಗ ಇವರು ಕಥೆ ತೆಗೆದರು. ಕುರಿ ಹಿಂಡು ಅಡ್ಡ ಬಂದದ್ದು, ತಾವು ಗಾಡಿ ತಪ್ಪಿಸಿ ಮೂಕಪ್ರಾಣಿ ಉಳಿಸಿದ್ದು, ನಾನು ಕಿರುಚಿದ್ದು, ಗ್ಯಾರೇಜಿನವನಿಗೆ ತಾವೇ ಬೆಣೆಯ ಉಪಾಯ ಹೇಳಿಕೊಟ್ಟದ್ದು. ಬೀಗರು ಹೌದೌದು ಅನ್ನುತ್ತಿದ್ದರು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದ ಅತ್ತೆ ತಲೆ ಎತ್ತದೆ ಮಗನಿಗೆ ಅಂದರು:

"ತಮ್ಮಾ, ನಾನೂ ಅದ ಗಾಡ್ಯಾಗ ಇದ್ನೆಲ್ಲೋ."

ಯಾರೂ ನಗಲಿಲ್ಲ. ನಕ್ಕಿದ್ದರೆ ಇವರಿಗೆ ಹಗುರವಾಗುತ್ತಿತ್ತು. ಬೀಗರು ಸಾರು ಬಡಿಸುವುದರಲ್ಲಿ ಮುಳುಗಿದರು. ನಮ್ಮ ಮನೆಯವರು ತಟ್ಟೆಯಲ್ಲಿದ್ದ ರೊಟ್ಟಿ ಹಾಗೇ ಬಿಟ್ಟು ಕೈ ತೊಳೆದು, ಗಾಡಿ ನೋಡಿ ಬರುತ್ತೇನೆ ಅಂತ ಹೊರಗೆ ಹೋದರು. ಹೋಗಿ ಕರೆದುಕೊಂಡು ಬಾ ಅಂತ ನಾದಿನಿ ಕಣ್ಣಲ್ಲೇ ಹೇಳಿದಳು. ನಾನು ಹೋಗಲಿಲ್ಲ. ಸಿಟ್ಟಿನಿಂದ ಅಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕು. ನನಗೆ ಹಸಿವಾಗಿತ್ತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಪಲ್ಯದ ಜೊತೆ ನಿಧಾನವಾಗಿ ಉಂಡೆ.