ಬೋರ್ಡಿನ ಮೇಲೆ ಬರೆದ ಬಂಡಿ

ಆ ಭಾನುವಾರ ಬೆಳಿಗ್ಗೆ ಸೆಲ್ಲಾರಿನಲ್ಲಿ ನಾವು ಹದಿನಾಲ್ಕು ಜನ ಕೂತಿದ್ದೆವು. ಮೇಜಿನ ಹಿಂದೆ ಕಾಲನಿ ಸಂಘದ ಅಧ್ಯಕ್ಷರು, ಅವರ ಪಕ್ಕ ಬ್ಯಾಂಕಿನಿಂದ ನಿವೃತ್ತರಾದ ಕಾರ್ಯದರ್ಶಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮನೆಗೊಬ್ಬರಂತೆ ಉಳಿದವರು. ಸೆಲ್ಲಾರ್ ಎಂದರೆ ಹೈದರಾಬಾದಿನಲ್ಲಿ ಕಟ್ಟಡದ ಕೆಳಗೆ ಕಾರು ನಿಲ್ಲಿಸಲೆಂದು ಬಿಟ್ಟ ಜಾಗ. ಅಧ್ಯಕ್ಷರ ಕಟ್ಟಡದ ಸೆಲ್ಲಾರಿನಲ್ಲಿ ಕಾರು ಬಿಟ್ಟು ಬೇರೆಲ್ಲ ಇತ್ತು. ದಿಲ್‌ಸುಖ್‌ನಗರದ ಒಂದು ಸೀರೆ ಅಂಗಡಿಗೆ ಅದನ್ನು ಗೋದಾಮು ಮಾಡಿ ಕೊಟ್ಟಿದ್ದರು. ಅವರ ಎರಡು ಕಾರೂ ಬೀದಿಯಲ್ಲಿ ನಿಲ್ಲುತ್ತಿದ್ದವು. ಸೀರೆ ಗಂಟುಗಳಿಗೆ ಬೆನ್ನು ಆನಿಸಿ ಕೂತು, ಬೀದಿಯಲ್ಲಿ ಜಾಗವೇ ಇಲ್ಲವಲ್ಲ ಎಂದು ಗೋಳಾಡುವುದಕ್ಕೆ ನಾವು ಸೇರಿದ್ದೆವು.

ಗೋಳೇನೂ ಸುಳ್ಳಲ್ಲ. ಎರಡೂ ಬದಿ ಕಾರು, ನಡುವೆ ಒಂದು ಆಟೋ ಹೊಟ್ಟೆ ಒಳಗೆಳೆದುಕೊಂಡು ದಾಟುವಷ್ಟು ದಾರಿ. ಹಿಂದಿನ ರಸ್ತೆಯ ಕೋಚಿಂಗ್ ಸೆಂಟರಿನ ಹುಡುಗರು ಬೈಕುಗಳನ್ನು ನಮ್ಮ ಗೇಟಿಗೇ ತಂದು ಒರಗಿಸುತ್ತಿದ್ದರು. ಶಾಲೆಯ ವ್ಯಾನು ಒಳಗೆ ಬಂದರೆ ಇಡೀ ಬೀದಿ ಹಿಮ್ಮುಖವಾಗಿಯೇ ಹೋಗಬೇಕು. ಒಬ್ಬೊಬ್ಬರೂ ಪಕ್ಕದವರ ಕಾರಿನ ಬಗ್ಗೆ ಹೇಳಿದರು. ಸೆಲ್ಲಾರಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಕೊನೆಗೆ ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು, ಬೀದಿಯ ಬಾಯಲ್ಲಿ ಹೊಂಗೆ ಮರದ ಕೆಳಗೆ ನಿಲ್ಲುವ ಇಸ್ತ್ರಿ ಬಂಡಿಯನ್ನು ತೆಗೆಸಿದರೆ ತಿರುವು ಸಲೀಸಾಗುತ್ತದೆ ಎಂದರು. ಸೆಲ್ಲಾರಿನಲ್ಲಿ ಫ್ಯಾನು ಹಾಕಿದಷ್ಟು ಹಾಯೆನಿಸಿತು ಎಲ್ಲರಿಗೂ. ಯಾರ ಕಾರೂ ಕದಲಬೇಕಿಲ್ಲ! ಹದಿನಾಲ್ಕೂ ಕೈಗಳು ಎದ್ದವು. ನನ್ನ ಕೈ ಎತ್ತಿದಾಗ ತೋಳಿನ ಮೇಲಿನ ಇಸ್ತ್ರಿ ಗೆರೆ ಕಣ್ಣಿಗೆ ಬಿತ್ತು. ಸುತ್ತ ನೋಡಿದೆ. ಎಲ್ಲ ತೋಳುಗಳ ಮೇಲೂ ಅದೇ ಗೆರೆ, ಆ ಬಂಡಿಯ ಹೆಣ್ಣುಮಗಳ ಕೈಯದು. ಆದರೂ ಕೈ ಇಳಿಸಲಿಲ್ಲ.

ಆಕೆ ತೆಲಂಗಾಣದ ಗಡಿಯ ಮಕ್ತಲ್ ಕಡೆಯವಳು, ತವರು ರಾಯಚೂರಿನ ಹತ್ತಿರ. ನಮ್ಮ ಮನೆಯವರೊಂದಿಗೆ ಕನ್ನಡದಲ್ಲೇ ಮಾತು. ಇಪ್ಪತ್ತು ವರ್ಷದಿಂದ ಆ ಮರದ ಕೆಳಗೆ ಇದ್ದಿಲ ಇಸ್ತ್ರಿ ಹಿಡಿದು ನಿಂತವಳು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕೊರಿಯರಿನವರು ಡಬ್ಬಿಗಳನ್ನು ಅವಳ ಬಂಡಿಯ ಕೆಳಗೆ ಇಟ್ಟು ಹೋಗುತ್ತಿದ್ದರು. ಅವಳ ಗಿರಾಕಿಗಳೆಲ್ಲ ಇದೇ ಬೀದಿಯವರು. ಆ ಮರ ತಪ್ಪಿದರೆ ಅವಳ ಹೊಟ್ಟೆಪಾಡು ತಪ್ಪಿದಂತೆ.

ಬೋರ್ಡು ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾಚಾರಂನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ನಕ್ಷೆ ಬರೆದವನು ನಾನು. ಬೀಡಿ ಸೇದಬಾರದು, ಮುಟ್ಟಬಾರದು ಎಂಬ ತೆಲುಗು ಬೋರ್ಡುಗಳೂ ನನ್ನವೇ. ನನ್ನ ತೆಲುಗು ಅಕ್ಷರಗಳ ತಲೆಕಟ್ಟು ಕನ್ನಡದ್ದೆಂದು ಅಲ್ಲಿಯವರು ನಗುತ್ತಿದ್ದರು. ಅಧ್ಯಕ್ಷರು, "ಪೆದ್ದಸಾರು, ನಿಮ್ಮ ಅಕ್ಷರ ಮುತ್ತು" ಎಂದರು. ತೆಲುಗಿನಲ್ಲಿ ಪೆದ್ದ ಎಂದರೆ ಹಿರಿಯ. ಮುತ್ತಿಗೆ ಮರುಳಾದೆ. ತಗಡು ಚಿಕ್ಕದಿತ್ತು, ಮಾತೂ ಚಿಕ್ಕದಿರಲಿ ಎಂದು ಬರೆದೆ: "ಈ ರೋಡ್ಡು ಮೀದ ಬಂಡಿ ಪೆಟ್ಟರಾದು." ಈ ರಸ್ತೆಯ ಮೇಲೆ ಬಂಡಿ ನಿಲ್ಲಿಸಬಾರದು.

ನನಗೆ ಮಾತು ಕಲಿಸಿದವಳು ಅಜ್ಜಿ. ಅವಳ ಬಾಯಲ್ಲಿ ಬಂಡಿ ಎಂದರೆ ಎತ್ತು ಎಳೆಯುವುದು, ಇಲ್ಲವೇ ಮನುಷ್ಯ ನೂಕುವುದು. ಇಂಜಿನ್ ಇದ್ದದ್ದೆಲ್ಲ ಗಾಡಿ ಅಥವಾ ಮೋಟಾರು. ತೆಲುಗಿನಲ್ಲಿ ಸ್ಕೂಟರೂ ಬಂಡಿ, ಕಾರೂ ಬಂಡಿ ಎಂಬುದು ನನಗೆ ಗೊತ್ತಿಲ್ಲವೆಂದಲ್ಲ. ಬ್ರಷ್ ಹಿಡಿದ ಕೈಗೆ ಮಾತ್ರ ಅಜ್ಜಿಯ ಬಂಡಿಯೇ ಬಂತು. ಆಮೇಲೆ ಕೆಲವರು, ನೀವು ಬೇಕೆಂದೇ ಹಾಗೆ ಬರೆದಿರಿ, ಭಲೇ ಎಂದು ಹೊಗಳಿದರು. ಅಷ್ಟು ಜಾಣತನವೂ ಧೈರ್ಯವೂ ನನಗೆ ಇರಲಿಲ್ಲ.

ಬೋರ್ಡನ್ನು ಹೊಂಗೆ ಮರಕ್ಕೇ ಮೊಳೆ ಹೊಡೆದು ಹಾಕಿದರು. ಅಕ್ಷರ ಬಾರದ ಅವಳು ಓದಿಸಲು ಕರೆದದ್ದು ನನ್ನನ್ನೇ.

"ಅಣ್ಣಾರ, ಏನ್ ಬರದಾರ್ರೀ ಇದರಾಗ? ನನ್ನ ತಲಿಮ್ಯಾಲೇ ಬಡದಾರ."

ಓದಿ ಹೇಳಿದೆ. ಯಾರು ಬರೆದದ್ದೆಂದು ಹೇಳಲಿಲ್ಲ.

ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬೀದಿಯ ಉದ್ದಕ್ಕೂ ಕಣ್ಣಾಡಿಸಿದಳು. "ಹಂಗಾರ ಛಲೋ ಆತು ಬಿಡ್ರಿ. ಇಷ್ಟೂ ಬಂಡಿ ತೆಗಿಯಾಕ ಇವರಿಗೆ ಎರಡು ದಿನ ಬೇಕು. ಎಲ್ಲಾರೂ ತೆಗದ ಮ್ಯಾಲ ನಾನೂ ತೆಗೀತೀನಿ."

ತಮಾಷೆ ಮಾಡುತ್ತಿದ್ದಾಳೋ, ನಿಜವಾಗಿ ನಂಬಿದ್ದಾಳೋ ತಿಳಿಯದೆ ನಾನು ಮನೆಗೆ ನಡೆದೆ.

ಮೂರನೆಯ ದಿನ ನೀರಿನ ಟ್ಯಾಂಕರ್ ಬಂತು. ಅಧ್ಯಕ್ಷರ ಕಾರಿನ ಬಾಲ ಅಡ್ಡವಿದ್ದು ಮುಂದೆ ಹೋಗಲಾಗಲಿಲ್ಲ. ಚಾಲಕ ಹಾರ್ನ್ ಒತ್ತಿ ಒತ್ತಿ ಕೆಳಗಿಳಿದ. ಬೋರ್ಡು ಕಂಡಿತು. ಗಟ್ಟಿಯಾಗಿ ಓದಿದ, ಮತ್ತೊಮ್ಮೆ ಓದಿದ, ನಗುತ್ತಾ ನಿಂತುಬಿಟ್ಟ.

"ಬಂಡಿ ಇಡಬಾರದಂತೆ! ಹಾಗಾದರೆ ಇವೆಲ್ಲ ಏನು, ಎಮ್ಮೆಗಳಾ?" ಎಂದು ತೆಲುಗಿನಲ್ಲಿ ಕೂಗಿದ. ಬಾಲ್ಕನಿಗಳಲ್ಲಿ ಬಿಂದಿಗೆ ಹಿಡಿದವರು ನೋಡುತ್ತಿರುವಂತೆಯೇ ಟ್ಯಾಂಕರ್ ಹಿಂದಕ್ಕೆ ಹೊರಟಿತು. ಇಸ್ತ್ರಿಯವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಆ ಸಂಜೆಯೇ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಸಿಟ್ಟಿರಲಿಲ್ಲ, ಚಹಾ ಕುಡಿದರು. "ಬಂಡಿ ಅನ್ನೋದರ ಮುಂದೆ ಇಸ್ತ್ರಿ ಅಂತ ಒಂದು ಮಾತು ಸೇರಿಸಿಬಿಡಿ ಪೆದ್ದಸಾರು, ಗೊಂದಲ ಬೇಡ" ಎಂದರು. ಸಾರಿಗೆ ಉಪ್ಪು ಕಮ್ಮಿ ಎಂದು ಹೇಳುವಷ್ಟು ಹಗುರವಾಗಿ.

ಮರುದಿನ ಬ್ರಷ್ಷು, ಡಬ್ಬಿ ಹಿಡಿದು ಮರದ ಹತ್ತಿರ ಹೋದೆ. ಅವಳು ನನ್ನ ಕೈ ನೋಡಿದಳು, ಬೋರ್ಡು ನೋಡಿದಳು.

"ನೀವಾ ಬರದದ್ದು, ಅಣ್ಣಾರ?"

ಅಷ್ಟೇ ಕೇಳಿದ್ದು. ನಮ್ಮ ಮನೆಯ ಅಂಗಿಯೇ ಆಗ ಅವಳ ಹಲಗೆಯ ಮೇಲಿತ್ತು. ಕಾಲರಿಗೆ ನೀರು ಚಿಮುಕಿಸಿ ಒತ್ತತೊಡಗಿದಳು. ನಾನು ಮರಳಿ ಬಂದು, ಬಣ್ಣ ಒಣಗಿಹೋಗಿದೆ ಎಂದು ಅಧ್ಯಕ್ಷರಿಗೆ ಫೋನು ಮಾಡಿದೆ. ಮುಂದಿನ ವಾರ ಕೇಳಿದಾಗಲೂ ಒಣಗಿದೆ ಎಂದೆ.

"ಬಣ್ಣ ಒಣಗೇತೋ, ನಿಮ್ಮ ಬಾಯಿ ಒಣಗೇತೋ?" ಎಂದಳು ಹೆಂಡತಿ. "ಬರಿಯೂದಿಲ್ಲ ಅಂತ ಒಂದ್ ಮಾತು ಹೇಳಾಕ ಏನ್ ಧಾಡಿ ನಿಮಗ? ಅವರ ಸೆಲ್ಲಾರಿನ ಸುದ್ದಿ ತಗಿಯಾಕ ಏನ್ ಧಾಡಿ?"

ಅಧ್ಯಕ್ಷರ ಬಗ್ಗೆ ಹುಟ್ಟಿದ್ದ ಹೇಸಿಗೆ ಅಂದು ಒಂದು ಸುತ್ತು ಹಾಕಿ ನನ್ನ ಹತ್ತಿರವೇ ಬಂದು ಕೂತಿತು. ಇವತ್ತಿಗೂ ಎದ್ದು ಹೋಗಿಲ್ಲ.

ಬೋರ್ಡು ಹಾಗೇ ಉಳಿಯಿತು. ಆದರೆ ಒಂದು ಬೆಳಿಗ್ಗೆ ಅವಳು ಬಂದು ನೋಡಿದರೆ ಇದ್ದಿಲ ಚೀಲ ತೊಯ್ದು ತೊಪ್ಪೆಯಾಗಿತ್ತು. ನೆಲ ಒರೆಸಿದ ಕೊಳಕು ನೀರು, ಫಿನೈಲಿನ ವಾಸನೆ. ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲವಂತೆ. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವಳೂ ಗಂಡನೂ ಸೇರಿ ಬಂಡಿ ನೂಕಿಕೊಂಡು ಹೋದರು. ಮಧ್ಯಾಹ್ನದೊಳಗೆ ಅಧ್ಯಕ್ಷರ ಎರಡನೆಯ ಕಾರು ಮರದ ನೆರಳಿಗೆ ಬಂದಿತ್ತು. ತಿರುವು ಮೊದಲಿಗಿಂತ ಬಿಗಿಯಾಯಿತು.

ಎರಡು ವಾರ ಕಳೆದ ಮೇಲೆ ಅವಳು ಮೂರು ಬೀದಿ ಆಚೆ, ಒಂದು ಹಾಲಿನ ಬೂತಿನ ಪಕ್ಕ ನಿಂತಿದ್ದಾಳೆಂದು ತಿಳಿಯಿತು. ಬಟ್ಟೆ ಗಂಟು ಹೆಗಲಿಗೆ ಹಾಕಿಕೊಂಡು ಹೋದೆ. ಆ ಬೀದಿಯಲ್ಲಿ ಆಟೋಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ನಡುರಸ್ತೆಯಲ್ಲಿ ನಮ್ಮ ಅಧ್ಯಕ್ಷರ ಕಾರು ನಿಂತಿತ್ತು, ಇಂಜಿನ್ ಆರಿಸಿರಲಿಲ್ಲ. ಅವರು ಇಳಿದು, ಅವಳ ಹಲಗೆಯ ಮೇಲೆ ಅಂಗಿಗಳನ್ನು ಒಂದೊಂದಾಗಿ ಎಣಿಸಿ ಇಡುತ್ತಿದ್ದರು.