ಜಿಪುಣ ಕ್ಲಬ್ಬಿಗೊಂದು ಹರಕೆ

ಇವತ್ತು ಬೆಳಿಗ್ಗೆ ಒಣಗಿಸಿಟ್ಟ ಕಟಕ ರೊಟ್ಟಿಯ ಬುಟ್ಟಿಯ ಮೇಲಿನ ನೀಲಿ ಬಟ್ಟೆಯನ್ನು ಒಗೆಯಲು ತೆಗೆದೆ. ಒಂದು ಕಾಲಕ್ಕೆ ಅದು ಅಂಗಿಯಾಗಿತ್ತು. ಗೋವಾದ ಒಂದು ಫುಟ್‌ಬಾಲ್ ಕ್ಲಬ್ಬಿನ ಅಂಗಿ. ತೋಳು ಕತ್ತರಿಸಿ, ಹೊಲಿಗೆ ಬಿಚ್ಚಿ, ಅಂಚು ಮಡಚಿ ಹೊಲಿದವಳು ನಾನೇ. ಎದೆಯ ಮೇಲೆ ಒಂದು ಕಂಪನಿಯ ಹೆಸರು ಅರ್ಧ ಕಿತ್ತುಹೋಗಿದೆ, ಅದರ ಅಡಿಯಿಂದ ಇನ್ನೊಂದು ಕಂಪನಿಯ ಹೆಸರು ಇಣುಕುತ್ತದೆ. ಹೊಸ ಅಂಗಿ ಹೊಲಿಸುವ ಬದಲು ಹಳೆಯ ಅಂಗಿಯ ಮೇಲೆಯೇ ಹೊಸ ಹೆಸರು ಅಂಟಿಸಿ ಆಟಗಾರರನ್ನು ಮೈದಾನಕ್ಕೆ ಕಳಿಸಿದ ಕ್ಲಬ್ಬು ಅದು. ಹೆಸರು ಹೇಳುವುದಿಲ್ಲ. ಅವರೂ ಬದುಕಿಕೊಂಡು ಹೋಗಲಿ.

ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವವರ ಮನೆಯ ರೊಟ್ಟಿ ಬುಟ್ಟಿಗೆ ಗೋವಾದ ಅಂಗಿ ಹೇಗೆ ಬಂತು ಎಂದು ನೀವು ಕೇಳುವುದು ಸಹಜ. ಅದು ನಮ್ಮ ಅತ್ತೆಯ ಟ್ರಂಕಿನಲ್ಲಿ ಬಂತು. ಅತ್ತೆ, ಮಾವ ಇಬ್ಬರೂ ಸಾಲೋಟಗಿಯವರು. ವಯಸ್ಸಿನಲ್ಲಿದ್ದಾಗ ಗೋವಾಕ್ಕೆ ಹೋಗಿ, ಅಲ್ಲಿನ ಒಂದು ಮೈದಾನದ ಗೋಡೆಗೆ ಹೊಂದಿಕೊಂಡು ಖಾನಾವಳಿ ಇಟ್ಟಿದ್ದರು. ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ. ಮೊದಲು ನಮ್ಮ ಕಡೆಯ ಗಾರೆಕೆಲಸದ ಗೌಂಡಿಗಳು, ಲಾರಿಯವರು ಉಣ್ಣುತ್ತಿದ್ದರು. ಆಮೇಲೆ ಆ ಮೈದಾನದಲ್ಲಿ ಅಭ್ಯಾಸ ಮಾಡುವ ಕ್ಲಬ್ಬಿನ ಆಟಗಾರರೂ ಬರತೊಡಗಿದರು. ಯಾಕೆಂದರೆ ಕ್ಲಬ್ಬಿನವರು ಕೊಡುವ ಊಟ ಅಷ್ಟಕ್ಕಷ್ಟೇ ಇತ್ತು. ಬಂಗಾಳದವರು, ಮಣಿಪುರದವರು, ಅಲ್ಲೇ ಗೋವಾದವರು, ಎಲ್ಲರೂ ಅತ್ತೆಯನ್ನು 'ಅವ್ವಾ' ಎಂದೇ ಕರೆಯುತ್ತಿದ್ದರಂತೆ. ಆ ಅಂಗಿ ಅವರಲ್ಲೊಬ್ಬ ಕೊಟ್ಟದ್ದು. ಮೀನಿನ ಆಸೆಯಾದವರಿಗೆ ಅತ್ತೆಯ ಉತ್ತರ ಒಂದೇ: "ಅದನ್ನ ಹೊರಗ ತಿಂದು, ಬಾಯಿ ತೊಳಕೊಂಡು ಬರ್ರಿ. ರೊಟ್ಟಿ ಇಟ್ಟಿರ್ತೇನಿ." ಅವರಿಗೆ ಕನ್ನಡ ತಿಳಿಯುತ್ತಿತ್ತೋ ಇಲ್ಲವೋ, ಬಾಯಿ ತೊಳೆದುಕೊಂಡು ಮಾತ್ರ ಬರುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಖಾನಾವಳಿ ಮುಚ್ಚಿ ಅತ್ತೆ ಇಂಡಿಗೆ, ನಮ್ಮ ಮನೆಗೆ ಬಂದರು. ಅಷ್ಟು ದೊಡ್ಡ ಒಲೆ ನಡೆಸಿದ ಹೆಂಗಸಿಗೆ ನನ್ನ ಎರಡು ಬರ್ನರಿನ ಗ್ಯಾಸು ಆಟಿಕೆ ಸಾಮಾನಿನ ಹಾಗೆ ಕಂಡಿರಬೇಕು. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡುವರು, ತಿರುಗಿ ಹೋಗಿ ತಮ್ಮ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವರು. ನಾನು ಮುದ್ದೇಬಿಹಾಳದವಳು, ಮಾತಿನವಳು; ಅವರು ನನ್ನೊಡನೆ ಮಾತೇ ಬೆಳೆಸುತ್ತಿರಲಿಲ್ಲ. ಬೈದಿದ್ದರೂ ಒಂದು ದಾರಿಯಿತ್ತು. ಬೈಯಲೂ ಇಲ್ಲ.

ಕ್ಲಬ್ಬಿನ ಆಟ ಟಿ.ವಿ.ಯಲ್ಲಿ ಇದ್ದ ದಿನ ಮಾತ್ರ ಅವರು ತಾವಾಗಿಯೇ ಪಡಸಾಲೆಗೆ ಬಂದು ಕೂರುತ್ತಿದ್ದರು. ಬಂದರೆಂದರೆ ಬೇರೆಯೇ ಹೆಂಗಸು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಏ, ಬಲಕ್ಕ ಕೊಡೋ! ಬಲಕ್ಕ ಯಾರೂ ಇಲ್ಲೇನು? ಇರತಾರ ಹೆಂಗ, ಅವನ್ನ ಮಾರ್ಯಾನಲ್ಲ ಭಾಡ್ಯಾ!" ಎಂದು ಕೂಗುವರು. ಮಾರಿದವನು ಕ್ಲಬ್ಬಿನ ಮಾಲೀಕ. ಪ್ರತಿ ವರ್ಷವೂ ಅದೇ ಕತೆ. ಒಬ್ಬ ಆಟಗಾರ ಚೆನ್ನಾಗಿ ಆಡಲು ಶುರುಮಾಡಿದ ಅನ್ನುವಷ್ಟರಲ್ಲಿ ಕೋಲ್ಕತ್ತದವರೋ ಬೆಂಗಳೂರಿನವರೋ ಬಂದು ಕೊಂಡುಹೋಗುವರು. ಅವನ ಜಾಗಕ್ಕೆ ಬೇರೆ ಕಡೆ ಯಾರಿಗೂ ಬೇಡವಾದವನೊಬ್ಬ ಬರುವನು. ಲೀಗಿನವರ ಮೇಲೂ ಅತ್ತೆಗೆ ಸಿಟ್ಟು. ಆಟದ ದಿನವನ್ನು ಹಿಂದಿನ ದಿನ ಬದಲಿಸುವರು, ದೀಪದ ಖರ್ಚು ಉಳಿಸಲು ಉರಿಬಿಸಿಲಲ್ಲಿ ಆಡಿಸುವರು, ದೊಡ್ಡ ಕ್ಲಬ್ಬಿನ ಆಟ ಬಂದರೆ ನಮ್ಮದನ್ನು ನಡುವೆ ಕತ್ತರಿಸಿ ಅದನ್ನೇ ತೋರಿಸುವರು. "ಇದು ಲೀಗಲ್ಲ, ಸಂತಿ. ದೊಡ್ಡ ಅಂಗಡಿಯವ್ರಿಗೆ ನೆಳ್ಳಾಗ ಜಾಗಾ, ಸಣ್ಣವ್ರಿಗೆ ಬಿಸಲಾಗ" ಎನ್ನುವರು.

ಒಮ್ಮೆ ನಮ್ಮ ಮನೆಯವರು, ಅಂದರೆ ಅವರ ಮಗ, ಸುಮ್ಮನಿರಲಾರದೆ ಮಾಲೀಕನ ಪರ ವಹಿಸಿದರು. "ಯವ್ವಾ, ನಾವೂ ಅದನ್ನ ಮಾಡ್ತೀವಲ್ಲ. ಚಲೋ ನಿಂಬಿಹಣ್ಣು ಆರಿಸಿ ಹೈದರಾಬಾದಿಗೆ ಕಳಸ್ತೀವಿ, ಕಲಿ ಬಿದ್ದದ್ದು ಮನ್ಯಾಗ ಇಟ್ಕೋತೀವಿ. ಯಾಪಾರ ಅಂದ್ರ ಹಂಗ."

ಅತ್ತೆ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. "ಹಣ್ಣ ಮಾರ್ತಿ, ಗಿಡಾ ಇಟ್ಕೋತಿ. ಆ ಮಾಲಕ ಗಿಡಾನ ಕಿತ್ತು ಮಾರ್ತಾನ."

ನಾನು ನಕ್ಕೆ. ಅವರೂ ನಕ್ಕರು. ನಾವಿಬ್ಬರೂ ಕೂಡಿ ನಕ್ಕಿದ್ದು ಅದೇ ಮೊದಲು. ಅಂದಿನಿಂದ ಆಟವಿದ್ದ ದಿನ ನಾನೂ ಮೊರ ಹಿಡಿದುಕೊಂಡು ಅವರ ಪಕ್ಕ ಕೂರತೊಡಗಿದೆ. ಬೇಳೆ ಹಸನು ಮಾಡುತ್ತ, ಯಾರು ಯಾರೆಂದು ಕೇಳುತ್ತ, ನಡುನಡುವೆ ಅವರ ಖಾನಾವಳಿಯ ಕತೆಯನ್ನೂ ಬಿಡಿಸುತ್ತಿದ್ದೆ. ಆಟದಲ್ಲಿ ನನಗೆ ತುಂಬ ಹಿಡಿಸಿದ್ದು ಡ್ರಾ. ಅಷ್ಟು ಹೊತ್ತು ಓಡಿ, ಯಾರೂ ಗೆಲ್ಲದೆ ಯಾರೂ ಸೋಲದೆ ಕೈ ಕುಲುಕಿ ಮನೆಗೆ ಹೋಗುವುದು ನನಗೆ ದೇವರು ಮೆಚ್ಚುವ ಕೆಲಸ ಅನ್ನಿಸುತ್ತಿತ್ತು. ಇದನ್ನು ಅತ್ತೆಗೆ ಹೇಳಿದಾಗ ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿನ್ನ ನಮ್ಮ ಕ್ಲಬ್ಬಿಗೆ ಕೋಚ್ ಮಾಡಬೇಕ ನೋಡು" ಎಂದರು.

ಇಲ್ಲಿ ನನ್ನದೊಂದು ಅಭ್ಯಾಸವನ್ನು ಹೇಳಬೇಕು. ದಿನವೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರ ಜಗಲಿಯ ಮುಂದೆ ನಿಂತು ಬಸವಣ್ಣನನ್ನು ಬೇಡಿಕೊಳ್ಳುವವಳು ನಾನು. ಬೇಡುವುದು ಮಾತ್ರ ಯಾವಾಗಲೂ ಸ್ವಲ್ಪವೇ. ನಿಂಬೆಯ ದರ ಏರಲಿ ಅನ್ನುವುದಿಲ್ಲ, ಲುಕ್ಸಾನ ಆಗದಿರಲಿ ಅನ್ನುತ್ತೇನೆ. ಮಗಳು ಮೊದಲ ನಂಬರ್ ಬರಲಿ ಅನ್ನುವುದಿಲ್ಲ, ಫೇಲಾಗದಿರಲಿ ಅನ್ನುತ್ತೇನೆ. ಅವನಿಗೆ ನನ್ನೊಬ್ಬಳ ಮನೆಯೇ ಇರುವುದಲ್ಲವಲ್ಲ. ಸ್ವಲ್ಪ ಕೇಳಿದ್ದಕ್ಕೋ ಏನೋ, ಕೇಳಿದ್ದು ಆಗುತ್ತಲೂ ಬಂದಿದೆ. ಜ್ವರ ಹೆಚ್ಚಾಗಲಿಲ್ಲ, ಮಳೆಗೆ ಛಾವಣಿ ಸೋರಲಿಲ್ಲ, ಹಾಲು ಒಡೆಯಲಿಲ್ಲ. ಇವನ್ನೆಲ್ಲ ಮಲಗುವ ಮುಂಚೆ ನೆನೆಸಿಕೊಂಡರೆ ನನಗೆ ಒಳ್ಳೆಯ ನಿದ್ದೆ ಬರುತ್ತದೆ.

ಆ ವರ್ಷ ಕ್ಲಬ್ಬು ಪಟ್ಟಿಯ ತಳಕ್ಕೆ ಇಳಿಯಿತು. ಕೊನೆಯ ಆಟದ ದಿನ ಬೆಳಿಗ್ಗೆ ನಮ್ಮ ಮನೆಯವರು ಚಹಾ ಕುಡಿಯುತ್ತ ಬಿಡಿಸಿ ಹೇಳಿದರು: ಗೆದ್ದರೆ ದೊಡ್ಡ ಲೀಗಿನಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಕೆಳಗಿನ ಲೀಗಿಗೆ ಬೀಳುತ್ತಾರೆ. ಕೆಳಗಿನ ಲೀಗನ್ನು ಟಿ.ವಿ.ಯಲ್ಲಿ ತೋರಿಸುವುದಿಲ್ಲ. ಅತ್ತೆ ಬಟ್ಟಲನ್ನು ಕೆಳಗಿಟ್ಟರು. ಟಿ.ವಿ.ಯಲ್ಲಿ ಆಟವಿಲ್ಲದಿದ್ದರೆ ಅವರು ಮತ್ತೆ ಆ ಗೋಡೆಗೆ ಮುಖ ಮಾಡುತ್ತಾರೆ ಎಂಬುದು ನನಗೆ ಥಟ್ಟನೆ ಹೊಳೆಯಿತು. ಎದ್ದು ಹೋಗಿ ಜಗಲಿಯ ಮುಂದೆ ಕೈಮುಗಿದು ನಿಂತೆ. ಬಸವನ ಬಾಗೇವಾಡಿಗೆ ಬಂದು ಹೋಳಿಗೆಯ ನೈವೇದ್ಯ ಮಾಡುತ್ತೇನೆಂದು ಹರಕೆ ಹೊತ್ತೆ.

ಆಟ ಸೊನ್ನೆ-ಸೊನ್ನೆ ಮುಗಿಯಿತು.

ಮೈದಾನದಲ್ಲಿ ನೀಲಿ ಅಂಗಿಯವರು ಹುಲ್ಲಿನ ಮೇಲೆ ಮಲಗಿಬಿಟ್ಟಿದ್ದರು. ಒಬ್ಬನ ಎದೆಯ ಮೇಲಿನ ಹೆಸರು ಬೆವರಿಗೆ ಬಿಟ್ಟುಬಂದು ಜೋತಾಡುತ್ತಿತ್ತು. ಅತ್ತೆ ನನ್ನ ಕಡೆ ತಿರುಗಿದರು.

"ಮುಂಜಾನೆ ಏನಂತ ಬೇಡ್ಕೊಂಡಿ?"

"ಸೋಲಬಾರದು ಅಂತರಿ."

"ಸೋಲಬಾರದು ಅಂತ?"

"ಹೌದ್ರಿ. ರೂಢಿಯೊಳಗ ಬಾಯಿಗೆ ಅದs ಬಂತರಿ."

"ನನ್ನ ಮಗಾ ಕೂಗಿ ಕೂಗಿ ಹೇಳಿದನಲ್ಲ, ಗೆಲ್ಲಬೇಕು ಅಂತ! ಅಲ್ಲs, ಮಾಲಕಂದು ಕೊಡೂ ಕೈ ಬಿಗಿ ಅಂದ್ರ ನಿಂದು ಬೇಡೂ ಕೈ ಬಿಗಿ. ಇಂಥಾ ಎರಡು ಜಿಪುಣರ ನಡುವ ನನ್ನ ಕ್ಲಬ್ಬು ಹೆಂಗ ಉಳಿಬೇಕ ಯವ್ವಾ?"

ನಾನು ತಲೆ ತಗ್ಗಿಸಿ ಬೇಳೆಯಲ್ಲಿ ಇಲ್ಲದ ಹರಳು ಹುಡುಕಿದೆ. ಹರಕೆ ತೀರಿಸಬೇಕೋ ಬೇಡವೋ ಎಂಬ ಪ್ರಶ್ನೆಯೂ ಎದ್ದಿತು. ಕ್ಲಬ್ಬು ಬಿದ್ದಿತ್ತು, ಆದರೆ ಸೋತಿರಲಿಲ್ಲ. ನಮ್ಮ ಮನೆಯವರು ಬೇಡ ಎಂದರು. ತೀರ್ಪು ಕೊಟ್ಟವರು ಅತ್ತೆ: "ನೀ ಕೇಳಿದ್ದನ್ನ ಬಸವಣ್ಣ ಕೊಟ್ಟಾನ. ಅವಂದೇನೂ ತಪ್ಪಿಲ್ಲ. ಹೋಗಿ ಕೊಡೂದು ಕೊಟ್ಟು ಬರೂಣು. ನಾವು ಕ್ಲಬ್ಬಿನವರಲ್ಲ."

ಸೋಮವಾರ ನಸುಕಿನಲ್ಲಿ ಅತ್ತೆ ನನ್ನ ಅಡುಗೆಮನೆಗೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಹೂರಣ ರುಬ್ಬಲು ಕುಳಿತರು. ಖಾನಾವಳಿಯ ಅಳತೆ; ಬಾಗೇವಾಡಿ ಬಸ್ಸಿನಲ್ಲಿದ್ದವರಿಗೆಲ್ಲ ಹಂಚಿದರೂ ಹೋಳಿಗೆ ಉಳಿದವು. ಗುಡಿಯಲ್ಲಿ ನಂದಿಯ ಮುಂದೆ ಅವರೂ ಕೈಮುಗಿದರು. ಏನು ಬೇಡಿದರೆಂದು ನಾನು ಕೇಳಲಿಲ್ಲ.

ಅವರು ಗೋಡೆಗೆ ಮುಖ ಮಾಡಲಿಲ್ಲ. ಮುಂದಿನ ವರ್ಷ ಆಟದ ಹೊತ್ತಿಗೆ ಬಂದು, ಟಿ.ವಿ. ಹಚ್ಚದೆಯೇ ಅದರ ಮುಂದೆ ಕುಳಿತರು. ನಾನೂ ಮೊರ ತಂದೆ. ಈಗ ಮಣಿಪುರದಲ್ಲಿ ಕೋಚ್ ಆಗಿರುವ ಅವರ ಹಳೆಯ ಗಿರಾಕಿಯೊಬ್ಬ ಆಟ ಮುಗಿದ ಮೇಲೆ ಫೋನ್ ಮಾಡಿ, "ಅವ್ವಾ, ಸೋತರು" ಎಂದು ಕನ್ನಡದಲ್ಲಿಯೇ ಹೇಳುತ್ತಿದ್ದ. ಬಹಳ ಸಲ ಅದನ್ನೇ ಹೇಳುತ್ತಿದ್ದುದರಿಂದ ಆ ಮಾತು ಅವನಿಗೆ ಚೆನ್ನಾಗಿ ಬರುತ್ತಿತ್ತು. ಈಗ ಅಡುಗೆಮನೆ ಅರ್ಧ ಅವರದು, ಅರ್ಧ ನನ್ನದು. ಟ್ರಂಕಿನಲ್ಲಿದ್ದ ಆ ನೀಲಿ ಅಂಗಿ ಹಳತಾಗಿ ಹರಿದಾಗ, ಬುಟ್ಟಿಗೆ ಮುಚ್ಚು ಎಂದು ಕೊಟ್ಟವರೂ ಅವರೇ.

ಇವತ್ತು ಆ ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹಾಕುತ್ತಿದ್ದಾಗ ನಮ್ಮ ಮನೆಯವರು ಫೋನ್ ಹಿಡಿದು ಹಿತ್ತಲಿಗೆ ಬಂದರು. ಇಷ್ಟು ವರ್ಷದ ಮೇಲೆ ಕ್ಲಬ್ಬು ಮೇಲೆ ಏರುವ ಹೊಸ್ತಿಲಿಗೆ ಬಂದಿದೆಯಂತೆ. ಎರಡು ಆಟದ ಗೋಲು ಕೂಡಿಸಿ ಲೆಕ್ಕ ಹಿಡಿಯುತ್ತಾರಂತೆ; ಮೊದಲನೆಯದು ಆಗಿದೆ, ಎರಡನೆಯದು ಇವತ್ತು ಸಂಜೆ, ಫೋನಿನಲ್ಲಿಯೇ ನೋಡಬಹುದಂತೆ. ಮಾಲೀಕ ಅದೇ ಮಾಲೀಕ. ಹೊಸ ಆಟಗಾರರನ್ನೇನೂ ಕೊಂಡಿಲ್ಲ. ಈ ಸಲ ಮಾರಲು ಮರೆತಿರಬೇಕು.

ಕೈ ಒರೆಸಿಕೊಂಡು ಜಗಲಿಯ ಕಡೆ ಹೊರಟವಳು ನಡುವೆ ನಿಂತೆ. ತಿರುಗಿ ಅತ್ತೆಯ ಕೋಣೆಗೆ ಹೋದೆ. ಕಣ್ಣಿನ ಆಪರೇಷನ್ ಆಗಿ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದರು.

"ಅತ್ತಿ, ಇವತ್ತ ಎಷ್ಟ ಬೇಕಾಗೇತ್ರಿ?"

ಅವರು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. "ಮೊದಲನೇ ಆಟ ಒಂದು ಗೋಲ್‌ಲೆ ಸೋತಾರ. ಇವತ್ತ ಎರಡು ಗೋಲ್ ಹೆಚ್ಚಿಗಿ ಹೊಡಿಬೇಕು. ಯಾಕs?"

"ಹಂಗs ಕೇಳಿದೆರಿ."

ಜಗಲಿಯ ಮುಂದೆ ದೀಪ ಸಣ್ಣಗೆ ಉರಿಯುತ್ತಿತ್ತು. ಬತ್ತಿಯನ್ನು ತುಸು ಮುಂದೆ ತಳ್ಳಿದೆ. ಕೈಮುಗಿದು, ಕೋಣೆಯಲ್ಲಿದ್ದ ಅತ್ತೆಗೂ ಕೇಳುವ ಹಾಗೆ, ಮೂರು ಗೋಲು ಕೇಳಿದೆ.